ಕೇಳುವವರು ಕಟ್ಟಿದ ಸಂಗೀತ



ಸಂಗೀತದಲ್ಲಿ ಹೊಸ ಪ್ರಕಾರ ಹೇಗೆ ಹುಟ್ಟುತ್ತದೆ, ಮುಂದೆ ಹುಟ್ಟುವುದು ಎಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಇಂದು ಎತ್ತಿಕೊಂಡಿದ್ದೇನೆ. ಮುಂಬಯಿಯಲ್ಲಿ ತಯಾರಾಗಿ, ಯಾರೂ ಕೇಳದೆ ಉಳಿದುಹೋದ ಒಂದು ರೆಕಾರ್ಡಿನಿಂದ ಶುರು ಮಾಡುತ್ತೇನೆ.

ಚರಣ್‌ಜಿತ್ ಸಿಂಗ್ ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಗಿಟಾರು, ಕೀಬೋರ್ಡು ನುಡಿಸುತ್ತಿದ್ದ ಕಲಾವಿದರು. 1982ರಲ್ಲಿ ಅವರು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಒಟ್ಟಿಗೆ ಜೋಡಿಸಿದರು. ಒಂದು ಜ್ಯೂಪಿಟರ್-8 ಎಂಬ ಸಿಂಥಸೈಜರು, ಇನ್ನೊಂದು ಟಿಆರ್-808 ಎಂಬ ತಾಳಯಂತ್ರ, ಮೂರನೆಯದು ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ. ಈ ಪೆಟ್ಟಿಗೆಯನ್ನು ಕಂಪನಿ ಮಾಡಿದ್ದು ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಗಿಟಾರಿನ ಸಾಥ್ ಸಿಗಲಿ ಎಂದು. ಚರಣ್‌ಜಿತ್ ಈ ಮೂರು ಯಂತ್ರಗಳಲ್ಲಿ ಭೈರವಿ, ಲಲಿತ್, ತೋಡಿ, ಮಧುವಂತಿ, ಮಾಲ್ಕೌಂಸ್ ಹೀಗೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹರಿಯಬಿಟ್ಟರು. ಎಚ್‌ಎಂವಿ ಲೇಬಲ್ಲಿನಲ್ಲಿ ಎಲ್‌ಪಿ ಹೊರಬಂತು. ಹೇಳಿಕೊಳ್ಳುವಂಥ ಮಾರಾಟವಾಗಲಿಲ್ಲ. ಜನ ಮರೆತರು.

ಐದು ವರ್ಷಗಳ ನಂತರ, 1987ರಲ್ಲಿ, ಅಮೆರಿಕದ ಷಿಕಾಗೊದಲ್ಲಿ ಫ್ಯೂಚರ್ ಎಂಬ ಹುಡುಗರ ತಂಡ ‘ಆಸಿಡ್ ಟ್ರ್ಯಾಕ್ಸ್’ ಎಂಬ ರೆಕಾರ್ಡು ತಂದಿತು. ಅದೇ ಟಿಬಿ-303. ಅದೇ ಜಾರುವ, ಉರುಳುವ ಮಂದ್ರಸ್ವರ. ಅಲ್ಲಿಂದ ‘ಆಸಿಡ್ ಹೌಸ್’ ಎಂಬ ಪ್ರಕಾರ ಹುಟ್ಟಿ, ಇಂಗ್ಲೆಂಡಿಗೆ ದಾಟಿ, ಒಂದು ತಲೆಮಾರಿನ ಯುವಕರ ಸಂಗೀತವಾಯಿತು. 2010ರಲ್ಲಿ ಚರಣ್‌ಜಿತ್ ಅವರ ರೆಕಾರ್ಡನ್ನು ಯುರೋಪಿನವರು ಮರುಮುದ್ರಿಸಿದಾಗ ಕೇಳಿದವರು ಬೆರಗಾದರು. ಆಸಿಡ್ ಹೌಸನ್ನು ಕಂಡುಹಿಡಿದವನು ಮುಂಬಯಿಯ ಈ ಮನುಷ್ಯ ಎಂದು ಪತ್ರಿಕೆಗಳು ಬರೆದವು. 2015ರಲ್ಲಿ ತೀರಿಕೊಳ್ಳುವ ಮುನ್ನ ಅವರು ಹೊರದೇಶಗಳ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. ಅಷ್ಟರಮಟ್ಟಿಗೆ ನ್ಯಾಯ ಸಿಕ್ಕಿತು.

ಆದರೆ ಪತ್ರಿಕೆಗಳ ಆ ಮಾತನ್ನು ನಾನು ಒಪ್ಪುವುದಿಲ್ಲ. ಚರಣ್‌ಜಿತ್ ಕಂಡುಹಿಡಿದದ್ದು ಒಂದು ನಾದ. ಅದು ಸಣ್ಣ ಸಾಧನೆಯೇನಲ್ಲ. ಆದರೆ ಪ್ರಕಾರ ಹುಟ್ಟಲಿಲ್ಲ. ಯಂತ್ರವೂ ಅದೇ, ಸದ್ದೂ ಹೆಚ್ಚುಕಡಿಮೆ ಅದೇ, ಪ್ರತಿಭೆಗಂತೂ ಕೊರತೆಯಿರಲಿಲ್ಲ. ಹಾಗಿದ್ದರೂ ಒಂದು ಕಡೆ ಆದದ್ದು ಇನ್ನೊಂದು ಕಡೆ ಯಾಕೆ ಆಗಲಿಲ್ಲ? ನನ್ನ ಇಡೀ ಉಪನ್ಯಾಸ ಈ ಪ್ರಶ್ನೆಯ ಸುತ್ತಲೇ ಇದೆ.

ಷಿಕಾಗೊದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡೋಣ. 1979ರ ಜುಲೈ 12ರಂದು ಆ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಸ್ಫೋಟಿಸಿದರು. ಡಿಸ್ಕೊವನ್ನು ಪೋಷಿಸಿದವರು ಬಹುಪಾಲು ಕರಿಯರು, ಲ್ಯಾಟಿನ್ ಅಮೆರಿಕ ಮೂಲದವರು, ಸಲಿಂಗಿಗಳು. ರೆಕಾರ್ಡು ಸುಟ್ಟವರ ಸಿಟ್ಟು ಸಂಗೀತದ ಮೇಲಷ್ಟೇ ಇರಲಿಲ್ಲ ಎಂದು ಅಂದೇ ಹಲವರಿಗೆ ಗೊತ್ತಾಗಿತ್ತು. ಅದೇ ಊರಿನಲ್ಲಿ ವೇರ್‌ಹೌಸ್ ಎಂಬ ಕ್ಲಬ್ಬಿತ್ತು. ಫ್ರ್ಯಾಂಕಿ ನಕಲ್ಸ್ ಅಲ್ಲಿ ರೆಕಾರ್ಡು ಹಾಕುತ್ತಿದ್ದರು. ಹೊರಗೆ ತಮಗೆ ಜಾಗವಿಲ್ಲ ಎಂದು ಕಂಡುಕೊಂಡವರು ಅಲ್ಲಿ ಬೆಳಗಿನವರೆಗೆ ಕುಣಿಯುತ್ತಿದ್ದರು. ಆ ಕ್ಲಬ್ಬಿನ ಹೆಸರಿನ ಬಾಲವೇ ‘ಹೌಸ್’ ಎಂಬ ಸಂಗೀತದ ಹೆಸರಾಯಿತು. ದೊಡ್ಡ ಕಂಪನಿಗಳು ಡಿಸ್ಕೊದಿಂದ ಕೈತೊಳೆದುಕೊಂಡಿದ್ದರಿಂದ ಇವರಿಗೆ ಬೇಕಾದ ಹೊಸ ರೆಕಾರ್ಡುಗಳು ಬರುವುದು ಕಡಿಮೆಯಾಯಿತು. ಬೇಕಾದದ್ದನ್ನು ಅಗ್ಗದ ಯಂತ್ರಗಳಲ್ಲಿ ತಾವೇ ಮಾಡಿಕೊಳ್ಳತೊಡಗಿದರು. ಟಿಬಿ-303 ಮಾರುಕಟ್ಟೆಯಲ್ಲಿ ಸೋತು 1984ರ ಹೊತ್ತಿಗೆ ತಯಾರಿಕೆಯೇ ನಿಂತಿತ್ತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದದ್ದು ಅದಕ್ಕೇ. ಫ್ಯೂಚರ್ ತಂಡದ ಹುಡುಗರು ಅದರ ಗುಂಡಿಗಳನ್ನು, ಸ್ವರ ಓಡುತ್ತಿರುವಾಗಲೇ, ಬೇಕೆಂದ ಹಾಗೆ ತಿರುಗಿಸಿದರು. ಗಿಟಾರಿಗೆ ಸಾಥ್ ಕೊಡಬೇಕಾಗಿದ್ದ ಪೆಟ್ಟಿಗೆ ಕಿರುಚಿತು, ಗೊಣಗಿತು.

ಆ ಸದ್ದನ್ನು ಮುದ್ರಿಸಿದ ಟೇಪನ್ನು ಅವರು ಮ್ಯೂಸಿಕ್ ಬಾಕ್ಸ್ ಎಂಬ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುತ್ತಿದ್ದ ರಾನ್ ಹಾರ್ಡಿಗೆ ಕೊಟ್ಟರು. ಮುಂದಿನದನ್ನು ತಂಡದ ಡಿಜೆ ಪಿಯರ್ ಹಲವು ಸಲ ಹೇಳಿಕೊಂಡಿದ್ದಾರೆ. ಹಾರ್ಡಿ ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದವರು ಅಂಗಳ ಬಿಟ್ಟು ಹೋದರು. ಆತ ಬಿಡಲಿಲ್ಲ; ಅದೇ ರಾತ್ರಿ ಮತ್ತೆ ಹಾಕಿದ, ಇನ್ನೂ ಒಂದು ಸಲ ಹಾಕಿದ. ನಾಲ್ಕನೆಯ ಸಲಕ್ಕೆ ಜನ ಹುಚ್ಚೆದ್ದು ಕುಣಿದರು. ಒಂದು ಪ್ರಕಾರ ಹುಟ್ಟುವ ಗಳಿಗೆ ಇಷ್ಟು ಸ್ಪಷ್ಟವಾಗಿ ನಮಗೆ ಕಾಣಸಿಗುವುದು ಅಪರೂಪ. ಒಂದೇ ರಾತ್ರಿಯಲ್ಲಿ ಸದ್ದು ಬದಲಾಗಲಿಲ್ಲ, ಕಿವಿ ಬದಲಾಯಿತು. ಅದೂ ಒಬ್ಬನ ಕಿವಿಯಲ್ಲ, ಒಂದು ಕೋಣೆಯಲ್ಲಿ ಸೇರಿದ್ದ ಎಲ್ಲರ ಕಿವಿ. ಆ ಕೋಣೆ ಚರಣ್‌ಜಿತ್ ಸಿಂಗರಿಗೆ ಸಿಗಲಿಲ್ಲ. ಅವರ ಎಲ್‌ಪಿಗೆ ಒಂದೊಂದು ಮನೆಯ ಗ್ರಾಮಫೋನು ಸಿಕ್ಕಿರಬಹುದು. ಕುಣಿಯುವ ಅಂಗಳ ಸಿಗಲಿಲ್ಲ, ನಾಲ್ಕು ಸಲ ಹಾಕುವ ರಾನ್ ಹಾರ್ಡಿ ಸಿಗಲಿಲ್ಲ.

ಪ್ರಕಾರ ಹುಟ್ಟುವುದು ಹೊಸ ಸದ್ದಿನಿಂದಲ್ಲ, ಹೊಸ ನೆರವಿಯಿಂದ ಎನ್ನುವುದು ನನ್ನ ಮಾತು. ಹಳೆಯ ಸಭೆಯಲ್ಲಿ ಜಾಗ ಸಿಗದವರು ಬೇರೆ ಕಡೆ ಸೇರುತ್ತಾರೆ. ಪದೇಪದೇ ಸೇರುತ್ತಾರೆ. ಅವರಿಗೆ ಏನು ಬೇಕು ಎಂದು ನೋಡಿ ನುಡಿಸುವವನೊಬ್ಬ ಅಲ್ಲಿರುತ್ತಾನೆ. ಯಂತ್ರ, ವಾದ್ಯ, ತಂತ್ರ ಎಲ್ಲ ಆಮೇಲೆ.

ಹಿಪ್-ಹಾಪ್ ಇನ್ನೂ ಒಳ್ಳೆಯ ಸಾಕ್ಷಿ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂ 1520ನೇ ನಂಬರಿನ ವಸತಿ ಕಟ್ಟಡದಲ್ಲಿ 1973ರ ಆಗಸ್ಟ್ 11ರಂದು ಒಂದು ಪಾರ್ಟಿ ನಡೆಯಿತು. ಏರ್ಪಡಿಸಿದವಳು ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಾಗಿತ್ತು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನ. ರೆಕಾರ್ಡು ಹಾಕಿದವನು ಅವಳ ಅಣ್ಣ ಕ್ಲೈವ್, ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಅವನು ಒಂದು ವಿಷಯ ಗಮನಿಸಿದ್ದ. ಹಾಡಿನ ನಡುವೆ ಗಾಯನ ನಿಂತು ಬರೀ ತಾಳ ಉಳಿಯುವ ಕೆಲವು ಸೆಕೆಂಡುಗಳಿರುತ್ತವಲ್ಲ, ಕುಣಿಯುವವರು ಕಾಯುತ್ತಿದ್ದದ್ದು ಅದಕ್ಕೇ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು ಮಾಡಿ, ಕೆಲವು ಸೆಕೆಂಡುಗಳನ್ನು ಹಲವು ನಿಮಿಷಗಳಿಗೆ ಎಳೆಯುವುದನ್ನು ಅವನು ರೂಢಿಸಿಕೊಂಡ. ಅದರ ಮೇಲೆ ಮೈಕು ಹಿಡಿದು ಮಾತಾಡುವವರು ಬಂದರು. ಮಾತು ಪ್ರಾಸವಾಯಿತು, ಪ್ರಾಸ ರ‍್ಯಾಪ್ ಆಯಿತು. ರೆಕಾರ್ಡು ಕಂಪನಿಗಳಿಗೆ ಇದರ ವಾಸನೆ ಬಡಿಯಲು ಆರು ವರ್ಷ ಬೇಕಾಯಿತು. ‘ರ‍್ಯಾಪರ್ಸ್ ಡಿಲೈಟ್’ ಬಂದದ್ದು 1979ರಲ್ಲಿ.

ಹರ್ಕ್ ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಹನ್ನೆರಡನೇ ವಯಸ್ಸಿಗೆ ನ್ಯೂಯಾರ್ಕಿಗೆ ಬಂದವನು. ಇದು ಮುಖ್ಯ. ಯಾಕೆಂದರೆ ಕಿಂಗ್‌ಸ್ಟನ್ನಿನ ಬಡಾವಣೆಗಳಲ್ಲಿ 1950ರ ದಶಕದಿಂದಲೇ ‘ಸೌಂಡ್ ಸಿಸ್ಟಂ’ ಇದ್ದವು. ದೊಡ್ಡ ಸ್ಪೀಕರುಗಳನ್ನು ಬಯಲಿನಲ್ಲಿ ಜೋಡಿಸಿ, ಅಮೆರಿಕದ ರೆಕಾರ್ಡು ಹಾಕಿ, ಟಿಕೆಟ್ಟಿಟ್ಟು ಕುಣಿಸುವ ವ್ಯಾಪಾರ ಅದು. ಅಮೆರಿಕದವರು ರಾಕ್ ಅಂಡ್ ರೋಲ್ ಕಡೆ ತಿರುಗಿದಾಗ ಕಿಂಗ್‌ಸ್ಟನ್ನಿನ ಜನರಿಗೆ ಅದು ರುಚಿಸಲಿಲ್ಲ. ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಮೊದಲಾದ ಮಾಲೀಕರು ಊರಿನ ಹುಡುಗರನ್ನೇ ಕರೆದು ಹಾಡಿಸಿ ಮುದ್ರಿಸಿಕೊಂಡರು. ಅದರಿಂದ ಸ್ಕಾ ಬಂತು, ಸ್ಕಾ ನಿಧಾನಗೊಂಡು ರಾಕ್‌ಸ್ಟೆಡಿಯಾಯಿತು, 1968ರ ಹೊತ್ತಿಗೆ ರೆಗೆ. ಒಮ್ಮೆ ಅಚಾತುರ್ಯದಿಂದ ಗಾಯನವಿಲ್ಲದೆ ಮುದ್ರಣವಾದ ರೆಕಾರ್ಡನ್ನು ಬಯಲಿನಲ್ಲಿ ಹಾಕಿದಾಗ ನೆರೆದವರೇ ಸಾಲುಗಳನ್ನು ಹಾಡಿಕೊಂಡರು ಎಂಬ ಪ್ರಸಿದ್ಧ ಕಥೆಯಿದೆ. ಆಮೇಲೆ ರೇಡಿಯೊ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಬೇಕೆಂದೇ ಗಾಯನ ತೆಗೆದು, ತಾಳಕ್ಕೆ ಪ್ರತಿಧ್ವನಿ ಕೊಟ್ಟು ‘ಡಬ್’ ಎಂಬ ಇನ್ನೊಂದು ಪ್ರಕಾರವನ್ನೇ ಬೆಳೆಸಿದರು.

ಹೊರದೇಶದ ಮಾತು ಸಾಕು. ನಮ್ಮ ಕಣ್ಣೆದುರೇ ಹುಟ್ಟಿ ಬೆಳೆದ ಪ್ರಕಾರವೊಂದಿದೆ: ಭಾವಗೀತೆಯ ಗಾಯನ, ಆಕಾಶವಾಣಿ ‘ಸುಗಮ ಸಂಗೀತ’ ಎಂದು ಕರೆದದ್ದು. ನಾವು ಅದನ್ನು ಎಷ್ಟು ಹತ್ತಿರದಿಂದ ಕೇಳಿದ್ದೇವೆ ಎಂದರೆ ಅದಕ್ಕೂ ಒಂದು ಹುಟ್ಟಿತ್ತು ಎಂಬುದನ್ನೇ ಮರೆತಿದ್ದೇವೆ.

ನವೋದಯದ ಕವಿತೆಗಳು ಬರತೊಡಗಿದಾಗ ಅವುಗಳನ್ನು ಹಾಡುವ ಒಂದು ನಿಶ್ಚಿತ ರೀತಿ ಇರಲಿಲ್ಲ. ಬೇಂದ್ರೆಯವರು ತಮ್ಮ ಕವಿತೆಯನ್ನು ತಾವೇ ಹಾಡಿಯೂ ಹೇಳಿಯೂ ಜನರನ್ನು ಹಿಡಿದಿಡುತ್ತಿದ್ದರು. ಕಛೇರಿಯ ವಿದ್ವಾಂಸರಿಗೆ ಕೀರ್ತನೆ, ದೇವರನಾಮ ಇದ್ದವು; ನಾಟಕ ಕಂಪನಿಗೆ ರಂಗಗೀತೆ ಇತ್ತು. ಕವಿತೆಗೆ ಮನೆಯಿರಲಿಲ್ಲ. ಉಡುಪಿ ಸೀಮೆಯ ಆರೂರಿನಿಂದ ಬಂದ, ರಂಗಭೂಮಿ ಸಿನಿಮಾ ಎರಡನ್ನೂ ಬಲ್ಲ ಪಿ. ಕಾಳಿಂಗರಾಯರು ಅದನ್ನು ಸಾರ್ವಜನಿಕ ವೇದಿಕೆಗೆ ತಂದರು. ಜೊತೆಯಲ್ಲಿ ಸೋಹನ್‌ಕುಮಾರಿ, ಮೋಹನ್‌ಕುಮಾರಿ. ಗಣೇಶೋತ್ಸವದ ಚಪ್ಪರ, ಸಾಹಿತ್ಯ ಸಮ್ಮೇಳನ, 1956ರ ನಂತರ ರಾಜ್ಯೋತ್ಸವದ ವೇದಿಕೆ ಇವೆಲ್ಲ ಹೊಸ ನೆರವಿಗಳು. ಅಲ್ಲಿ ಸೇರುತ್ತಿದ್ದವರು ಶಾಲೆಯಲ್ಲಿ ಕನ್ನಡ ಪದ್ಯ ಓದಿದ್ದವರು, ರಾಗದ ಲಕ್ಷಣ ಗೊತ್ತಿಲ್ಲದಿದ್ದರೂ ಕವಿಯ ಹೆಸರು ಗೊತ್ತಿದ್ದವರು, ಕರ್ನಾಟಕ ಒಂದಾಗಬೇಕು ಎಂಬ ಆಸೆಯನ್ನು ಹೊತ್ತಿದ್ದವರು. ಕರ್ನಾಟಕ ಸಂಗೀತದ ಸಭಾ ಇವರಿಗಾಗಿ ಕಟ್ಟಿದ್ದಲ್ಲ. ಇವರಿಗೆ ಬೇಕಿದ್ದದ್ದು ಮಾತು ಸ್ಪಷ್ಟವಾಗಿ ಕಿವಿಗೆ ಬೀಳುವ ಹಾಡು. ಕಾಳಿಂಗರಾಯರು ಅದನ್ನು ಕೊಟ್ಟರು.

ಆಕಾಶವಾಣಿಯ ಪಾಲೂ ದೊಡ್ಡದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ್ದರು; ಧಾರವಾಡ ನಿಲಯ 1950ರಲ್ಲಿ ಬಂತು. ಬಿ.ವಿ. ಕೇಸ್ಕರ್ ಕೇಂದ್ರದ ಪ್ರಸಾರ ಸಚಿವರಾಗಿದ್ದಾಗ ಚಿತ್ರಗೀತೆಗಳನ್ನು ಬಾನುಲಿಯಿಂದ ದೂರವಿಟ್ಟು, ಬದಲಿಗೆ ಲಘು ಸಂಗೀತ ತಯಾರಿಸುವ ಘಟಕಗಳನ್ನು ನಿಲಯಗಳಲ್ಲಿ ತೆರೆಸಿದರು. ಕೇಳುಗರು ರೇಡಿಯೊ ಸಿಲೋನ್ ಕಡೆ ಮುಖ ಮಾಡಿದರು. ಕೊನೆಗೆ ಚಿತ್ರಗೀತೆಗಳಿಗಾಗಿಯೇ ವಿವಿಧ ಭಾರತಿ ತೆರೆಯಬೇಕಾಯಿತು. ಸರ್ಕಾರ ಆಜ್ಞೆ ಹೊರಡಿಸಿ ಪ್ರಕಾರ ಹುಟ್ಟಿಸಲಾರದು ಎಂಬುದಕ್ಕೆ ಇದು ಪಾಠ. ಆದರೆ ಕನ್ನಡದಲ್ಲಿ ಆ ಘಟಕಗಳಿಗೆ ಮೊದಲೇ ಒಂದು ಕೇಳುಗ ವರ್ಗ ಸಿದ್ಧವಿತ್ತು. ಅದಕ್ಕೇ ನಮ್ಮಲ್ಲಿ ಅದು ಬೇರು ಬಿಟ್ಟಿತು.

ಮೈಸೂರು ಅನಂತಸ್ವಾಮಿಯವರು ಆ ಹಾಡಿಗೆ ಮೃದುತ್ವ ಕೊಟ್ಟರು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಕ್ಯಾಸೆಟ್ಟು ಭಾವಗೀತೆಯನ್ನು ನಡುಮನೆಗೆ ತಂದಿತು. ಶಿವಮೊಗ್ಗ ಸುಬ್ಬಣ್ಣನವರ ಏರುದನಿ ಅದಕ್ಕೆ ಇನ್ನೊಂದು ಬಣ್ಣ. ಸಿ. ಅಶ್ವತ್ಥ್ ಶಿಶುನಾಳ ಶರೀಫರ ತತ್ವಪದಗಳನ್ನು ಹಾಡಿ, ಪುಸ್ತಕದ ಕವಿತೆಯ ಪಕ್ಕದಲ್ಲಿ ಏಕತಾರಿಯ ಪರಂಪರೆಯನ್ನೂ ಕೂರಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮಕ್ಕೆ ಬಂದ ಜನಸಾಗರವನ್ನು ನೋಡಿದವರು ಇಲ್ಲಿಯೂ ಇರಬಹುದು. ಕವಿತೆ ಕೇಳಲು ಅಷ್ಟು ಜನ ಒಂದೆಡೆ ಸೇರುವ ಭಾಷೆಗಳು ಹೆಚ್ಚಿಲ್ಲ.

ಪ್ರೀತಿಯಿಂದಲೇ ಒಂದು ಕಹಿ ಮಾತನ್ನೂ ಹೇಳಬೇಕು. ಆ ಪ್ರಕಾರ ಈಗ ಗಟ್ಟಿಯಾಗಿ ನಿಂತುಬಿಟ್ಟಿದೆ. ಸ್ಪರ್ಧೆಗಳಲ್ಲಿ ಅದೇ ಕವಿಗಳು, ಅದೇ ಧಾಟಿಗಳು, ಮೂಲ ಗಾಯಕರ ಉಸಿರಿನ ಏರಿಳಿತವನ್ನೂ ಬಿಡದ ಅನುಕರಣೆ. ಇಂದಿನ ಕವಿಗಳ ಛಂದಸ್ಸಿಲ್ಲದ ಸಾಲುಗಳನ್ನು ಹೇಗೆ ಹಾಡುವುದು ಎಂಬ ಪ್ರಶ್ನೆಯನ್ನು ಎದುರಿಸಿದವರು ವಿರಳ. ನೆರವಿ ಹಳೆಯದಾದಾಗ ಪ್ರಕಾರ ಶಾಸ್ತ್ರವಾಗುತ್ತದೆ. ಅದು ಸಾವಲ್ಲ, ಆದರೆ ಹುಟ್ಟನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹಾಗಾದರೆ ಎಲ್ಲಿ ಹುಡುಕುವುದು?

ಈಗ ಹಾಡು ಕಟ್ಟುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಸುನೊ, ಉಡಿಯೊ ಎಂಬ ಹೆಸರುಗಳನ್ನು ನಿಮ್ಮ ಮಕ್ಕಳು ಬಲ್ಲರು. ನಾಲ್ಕು ಸಾಲು ಬರೆದು ಕೊಟ್ಟರೆ ಚಿಟಿಕೆಯಲ್ಲಿ ಹಾಡು ಸಿದ್ಧ. ತಮ್ಮ ರೆಕಾರ್ಡುಗಳನ್ನು ಅನುಮತಿ ಕೇಳದೆ ಬಳಸಿಕೊಂಡಿದ್ದಾರೆಂದು ದೊಡ್ಡ ಸಂಗೀತ ಕಂಪನಿಗಳು 2024ರಲ್ಲಿ ಇವುಗಳ ಮೇಲೆ ಅಮೆರಿಕದಲ್ಲಿ ದಾವೆ ಹೂಡಿದವು. ಕಲಾವಿದರ ಹಕ್ಕಿನ ಆ ಪ್ರಶ್ನೆಯಲ್ಲಿ ನಾನು ಕಲಾವಿದರ ಪರ. ಆದರೆ ಮುಂದಿನ ಪ್ರಕಾರ ಈ ತಂತ್ರಾಂಶದಿಂದ ಬರುತ್ತದೆ ಎಂದು ಯಾರಾದರೂ ಹೇಳಿದರೆ ಚರಣ್‌ಜಿತ್ ಸಿಂಗರ ಎಲ್‌ಪಿಯನ್ನು ನೆನಪಿಸುತ್ತೇನೆ. ಸದ್ದಿಗೆ ಎಂದೂ ಬರವಿರಲಿಲ್ಲ. ತಂತ್ರಾಂಶದಿಂದ ಏನಾದರೂ ಹೊಸದು ಬಂದರೆ ಅದನ್ನು ಹೇಳಿದಂತೆ ಬಳಸುವವರಿಂದ ಬರಲಾರದು, ಕೆಡಿಸಿ ಬಳಸುವವರಿಂದ ಬಂದೀತು. ಆಟೊ-ಟ್ಯೂನ್ ಕಥೆ ಹಾಗೇ ನಡೆಯಿತು. ತೈಲಕ್ಕಾಗಿ ಭೂಗರ್ಭದ ತರಂಗಗಳನ್ನು ಓದುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರ್, ಗಾಯಕರ ಅಪಸ್ವರವನ್ನು ಸದ್ದಿಲ್ಲದೆ ತಿದ್ದಲೆಂದು 1997ರಲ್ಲಿ ಅದನ್ನು ತಂದರು. ಮರುವರ್ಷವೇ ಷೇರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಲ್ಲಿ ಅದನ್ನು ಅತಿಯಾಗಿ ತಿರುಗಿಸಿ, ಮುಚ್ಚಬೇಕಾದ ತಿದ್ದುಪಡಿಯನ್ನೇ ಎದ್ದು ಕಾಣಿಸಿದರು. ಆ ಲೋಹದ ದನಿ ಇಂದು ಲೋಕದ ಎಷ್ಟೋ ಹಾಡುಗಳಲ್ಲಿದೆ.

ಇನ್ನು ಮೊಬೈಲಿನ ಸಂಗೀತ ಆ್ಯಪ್‌ಗಳು. ಸ್ಪಾಟಿಫೈ ತನ್ನ ಭಂಡಾರವನ್ನು ಆರು ಸಾವಿರಕ್ಕೂ ಹೆಚ್ಚು ಪ್ರಕಾರಗಳಾಗಿ ವಿಂಗಡಿಸಿತ್ತು. ಲೆಕ್ಕಾಚಾರದ ಸೂತ್ರವೊಂದು ಸಮಾನ ರುಚಿಯ ಹಾಡುಗಳನ್ನು ಗುಂಪು ಮಾಡಿದರೆ ಹೆಸರು ಸಿಗುತ್ತದೆ, ನಿಜ. ಆದರೆ ಆ ಗುಂಪಿನ ಕೇಳುಗರು ಒಬ್ಬರ ಮುಖ ಒಬ್ಬರು ನೋಡಿಲ್ಲ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಬೇರೆ ಪಟ್ಟಿ. ರಾನ್ ಹಾರ್ಡಿಯ ನಾಲ್ಕನೆಯ ಸಲ ಅಲ್ಲಿ ಬರುವುದೇ ಇಲ್ಲ. ಮೊದಲ ಸಲವೇ ಬೆರಳು ಮುಂದಿನ ಹಾಡಿಗೆ ಹೋಗಿರುತ್ತದೆ.

ಆದರೂ ಇದೇ ಮೊಬೈಲ್ ಕಾಲದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅಮಪಿಯಾನೊ ಹುಟ್ಟಿದೆ. ಜೊಹಾನ್ಸ್‌ಬರ್ಗ್, ಪ್ರಿಟೋರಿಯಾ ಸುತ್ತಲಿನ ಕರಿಯರ ಬಡಾವಣೆಗಳ ಹುಡುಗರು ಕಂಪ್ಯೂಟರಿನಲ್ಲಿ ಕಟ್ಟಿದ ಹಾಡುಗಳನ್ನು ವಾಟ್ಸಾಪ್‌ನಲ್ಲಿ ಹಂಚಿದರು. ಜನ ತುಂಬಿದ ಮಿನಿಬಸ್ ಟ್ಯಾಕ್ಸಿಗಳಲ್ಲಿ ಚಾಲಕರು ಹಾಕಿದರು, ಬಡಾವಣೆಯ ಸಾರಾಯಿ ಅಂಗಡಿಗಳಲ್ಲಿ ಕುಣಿದರು. ರೇಡಿಯೊ, ದೊಡ್ಡ ಕಂಪನಿ ಎಲ್ಲ ಆಮೇಲೆ ಬಂದವು. ಮೊಬೈಲು ಹಾಡನ್ನು ಸಾಗಿಸಿತು. ಪ್ರಕಾರವಾಗಿ ಮಾಗಿಸಿದ್ದು ಟ್ಯಾಕ್ಸಿ.

ಟ್ಯಾಕ್ಸಿಯ ಮಾತು ಬಂದಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯವರಿಗೆ ಏನು ನೆನಪಾಗುತ್ತದೆ ಎಂದು ನನಗೆ ಗೊತ್ತು: ಕಬ್ಬಿನ ಟ್ರ್ಯಾಕ್ಟರು. ಹಂಗಾಮು ಶುರುವಾದರೆ ಅಥಣಿ, ಜಮಖಂಡಿ, ಮುಧೋಳದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ಸರತಿಗೆ ಹೊರಟ ಟ್ರ್ಯಾಕ್ಟರುಗಳ ಮೇಲೆ ದೊಡ್ಡ ಸ್ಪೀಕರು. ಅದರಲ್ಲಿ ‘ಜಾನಪದ ಡಿಜೆ’ ಹಾಡು. ಊರಿನ ಸಣ್ಣ ಸ್ಟುಡಿಯೊದಲ್ಲಿ ಮುದ್ರಣ, ಯೂಟ್ಯೂಬಿನಲ್ಲಿ ಬಿಡುಗಡೆ. ಕಂಪ್ಯೂಟರಿನ ತಾಳದ ಮೇಲೆ ಉತ್ತರ ಕರ್ನಾಟಕದ ಅಪ್ಪಟ ಆಡುಮಾತು, ನಡುನಡುವೆ ಡಿಜೆಯ ಹೆಸರಿನ ಕೂಗು. ಹಾಡಿನ ನಾಯಕ ಡ್ರೈವರು, ಗೌಂಡಿ, ಪ್ರೀತಿಯಲ್ಲಿ ಕೈಕೊಡಿಸಿಕೊಂಡವನು. ಜಾತ್ರೆಯಲ್ಲಿ, ಮದುವೆಯ ಮೆರವಣಿಗೆಯಲ್ಲಿ, ಗಣಪತಿ ಕಳಿಸುವಾಗ ಅದೇ ಹಾಡು. ಬೆಂಗಳೂರಿನ ಕನ್ನಡ ರ‍್ಯಾಪ್ ಬಗ್ಗೆ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತವೆ. ಅದರಲ್ಲಿ ಒಳ್ಳೆಯ ಕೆಲಸವೂ ಇದೆ. ಆದರೆ ಅದರ ಅಚ್ಚು ಬ್ರಾಂಕ್ಸಿನದು. ಟ್ರ್ಯಾಕ್ಟರಿನ ಹಾಡಿನ ಅಚ್ಚು ಇಲ್ಲಿಯದೇ. ಎರಡು ಮೇಳಗಳು ಹರದೇಶಿ, ನಾಗೇಶಿ ಎಂದು ಪಕ್ಷ ಕಟ್ಟಿಕೊಂಡು ರಾತ್ರಿಯಿಡೀ ಸವಾಲು ಜವಾಬು ಹಾಡುತ್ತಿದ್ದ ಗೀಗೀ ಪದದ ನೆಲ ಅದು. ಸ್ವಾತಂತ್ರ್ಯ ಹೋರಾಟದ ಸುದ್ದಿಯನ್ನು ಹಳ್ಳಿಹಳ್ಳಿಗೆ ಹಾಡಿ ಮುಟ್ಟಿಸಿದ ನೆಲ.

ಈ ಹಾಡುಗಳಲ್ಲಿ ಕೀಳು ಅಭಿರುಚಿಯಿದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹೆಣ್ಣನ್ನು ಹಂಗಿಸುವ, ಪ್ರೀತಿ ನಿರಾಕರಿಸಿದವಳನ್ನು ಬೈಯುವ ಹಾಡುಗಳು ಬೇಕಾದಷ್ಟಿವೆ. ಅವನ್ನು ಜನಪದದ ಹೆಸರಿನಲ್ಲಿ ಸಮರ್ಥಿಸುವುದು ತಪ್ಪು. ಸ್ಪೀಕರಿನ ಅಬ್ಬರಕ್ಕೆ ಮಲಗಿದ ಮಗು ಬೆಚ್ಚಿಬೀಳುವುದೂ ನಿಜ. ಆದರೆ ಬೆಳೆಯುವ ಹೊತ್ತಿನಲ್ಲಿ ಹಿಪ್-ಹಾಪ್‌ನಲ್ಲೂ ಇದೆಲ್ಲ ಇತ್ತು, ಅದರೊಳಗಿನಿಂದಲೇ ಹೆಣ್ಣುಮಕ್ಕಳು ಎದ್ದು ಉತ್ತರ ಕೊಟ್ಟರು. ನಮ್ಮ ಹಾಡಿಗೂ ಒಬ್ಬ ಹೆಣ್ಣುಮಗಳ ಜವಾಬು ಬರಬೇಕು. ಸವಾಲು ಹಾಕಿದರೆ ಜವಾಬು ಕೊಡುವುದು ಆ ಸೀಮೆಯ ಹಾಡಿಕೆಯ ನಿಯಮವೇ. ಆ ಜವಾಬು ಬಂದ ದಿನ ಈ ಹಾಡು ಒಂದು ಪೂರ್ಣ ಪ್ರಕಾರವಾಗುತ್ತದೆ ಎಂದು ನಾನು ನಂಬಿದ್ದೇನೆ. ಕನ್ನಡದ ಮುಂದಿನ ಸಂಗೀತ ಸಭಾಂಗಣದಿಂದಾಗಲಿ ತಂತ್ರಾಂಶದಿಂದಾಗಲಿ ಬರುತ್ತಿಲ್ಲ, ಕಬ್ಬಿನ ರಸ್ತೆಯಿಂದ ಬರುತ್ತಿದೆ ಎನ್ನುವುದು ನನ್ನ ತೀರ್ಮಾನ.

ಕೊನೆಯದಾಗಿ ಒಂದು ಬೇಡಿಕೆ. 1973ರ ಆ ಪಾರ್ಟಿಯಲ್ಲಿ ಹರ್ಕ್ ಹೇಗೆ ನುಡಿಸಿದ ಎಂದು ಕೇಳಲು ಇಂದು ಒಂದು ಟೇಪೂ ನಮಗೆ ಸಿಗುವುದಿಲ್ಲ. ಮುಖ್ಯವಾದದ್ದು ನಡೆಯುತ್ತಿದೆ ಎಂದು ಅಂದು ಯಾರಿಗೂ ಅನಿಸಿರಲಿಲ್ಲ. ಗೊಟಗೋಡಿಯಲ್ಲಿ ನಮಗೊಂದು ಜಾನಪದ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಆಕಾಶವಾಣಿಯಿದೆ, ಪದವಿ ಕಾಲೇಜುಗಳು ಜಿಲ್ಲೆಗೊಂದಕ್ಕಿಂತ ಹೆಚ್ಚೇ ಇವೆ. ಯೂಟ್ಯೂಬಿನ ಚಾನೆಲ್ಲೊಂದು ಮುಚ್ಚಿದರೆ ನೂರಾರು ಹಾಡುಗಳು ಒಂದೇ ದಿನದಲ್ಲಿ ಇಲ್ಲವಾಗುತ್ತವೆ. ಆ ಹಾಡುಗಳನ್ನು ಊರು, ತಾರೀಖು, ಕಟ್ಟಿದವರ ಹೆಸರಿನೊಡನೆ ಸಂಗ್ರಹಿಸಿ. ಒಳ್ಳೆಯದು ಕೆಟ್ಟದ್ದು ಎಂದು ಈಗಲೇ ಆರಿಸಬೇಡಿ, ಎಲ್ಲವನ್ನೂ ಇಟ್ಟುಕೊಳ್ಳಿ. ಹಾಡುವವರನ್ನು, ಟ್ರ್ಯಾಕ್ಟರಿನ ಡ್ರೈವರನ್ನು, ಸ್ಟುಡಿಯೊದ ಹುಡುಗನನ್ನು ಮಾತಾಡಿಸಿ ಬರೆದಿಡಿ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಇಬ್ಬರು ಮುಂದೆ ಬಂದರೂ ಸಾಕು. ಬರುವ ಕಬ್ಬಿನ ಹಂಗಾಮಿನಿಂದಲೇ ಶುರು ಮಾಡಿ.